ಅಡ್ಮಿನ್ ಇಲ್ಲದ ನಂಬಿಕೆಯ ಲೆಕ್ಕ: ನನ್ನ ಅನುಭವ

"ಸ್ಟಾರ್ ಕೊಡೋಕೆ ಒಬ್ಬ ಅಡ್ಮಿನ್ ಇರಲೇಬೇಕು, ಇಲ್ಲದಿದ್ರೆ ಗುಂಪು ಒಂದು ತಿಂಗಳೂ ನಡೆಯಲ್ಲ" ಅಂದವರೇ ಈಗ ಯಾರನ್ನು ಎಷ್ಟು ನಂಬಬಹುದು ಅಂತ ಅಡ್ಮಿನ್ ಇಲ್ಲದೆ ಲೆಕ್ಕ ಹಾಕುವ ನನ್ನ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಕೇಳುತ್ತಿದ್ದಾರೆ. 14 ತಿಂಗಳಿಂದ ನಡೆಯುತ್ತಿದೆ, ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಹಳೆಯ ಲೆನ್ಸ್, ಕ್ಯಾಮೆರಾ, ಫ್ಲ್ಯಾಶ್ ಕೊಟ್ಟು ಕೊಳ್ಳುವವರ ಗುಂಪು. ಮೈಸೂರು, ಮಂಗಳೂರು, ಹುಬ್ಬಳ್ಳಿ ಕಡೆಯ 300ರಷ್ಟು ಜನ. ಯಾರು ಎಷ್ಟು ನಂಬಿಕಸ್ಥರು ಅನ್ನುವ ಶೀಟ್ ಒಬ್ಬರ ಬಳಿ ಇತ್ತು. ಅವರು ಗುಂಪು ಬಿಟ್ಟರು, ಶೀಟೂ ಹೋಯಿತು. ಇನ್ನೂರಕ್ಕೂ ಹೆಚ್ಚು ವ್ಯವಹಾರ ಮಾಡಿದ್ದ ನಾನು ಮಾರನೇ ದಿನ ಹೊಸಬನಂತೆ ನಿಂತಿದ್ದೆ. ಗಳಿಸಿದ ಹೆಸರು ಇನ್ನೊಬ್ಬರ ಕಪಾಟಿನಲ್ಲಿ ಇರಬಾರದು ಅಂತ ಅವತ್ತೇ ತೀರ್ಮಾನಿಸಿದೆ.

ನಾಸ್ಟರ್ ಹಿಡಿದೆ, ಯಾವ ಕಂಪನಿಯ ಒಡೆತನವೂ ಇಲ್ಲದ ಮುಕ್ತ ಸಂದೇಶ ವ್ಯವಸ್ಥೆ. ಕೀ (ಸಹಿ ಹಾಕುವ ಗುಟ್ಟಿನ ಸಂಖ್ಯೆ, ಅದೇ ಖಾತೆ) ಅವರವರ ಕೈಯಲ್ಲಿ, ಬರೆದ ಮಾತಿಗೆ ಬರೆದವರದೇ ಸಹಿ. ಎರಡು ಕಡೆ ರಿಲೇ, ಅಂದರೆ ಸಂದೇಶ ಇಟ್ಟುಕೊಂಡು ಹಂಚುವ ಸರ್ವರ್, ಇಟ್ಟೆ, ಒಂದೊಂದಕ್ಕೆ ತಿಂಗಳಿಗೆ ಸುಮಾರು 500 ರೂಪಾಯಿ.

ಮೊದಲು ಎಡವಿದ್ದು ಅಂಕದಲ್ಲಿ. ಸ್ಟ್ಯಾನ್‌ಫರ್ಡ್‌ನವರ 2003ರ ಐಗನ್‌ಟ್ರಸ್ಟ್ ಹಾಕಿದೆ. ನಂಬಿಕಸ್ಥರು ಕೊಟ್ಟ ಅಂಕಕ್ಕೆ ಹೆಚ್ಚು ತೂಕ ಕೊಡುವ ಸೂತ್ರ ಅದು. ಮೊದಲೇ ನಂಬಿದವರ ಪಟ್ಟಿ ಕೊಡಿ ಅಂತ ಅದರಲ್ಲೇ ಇದೆ. ಪಟ್ಟಿ ಮಾಡಿದರೆ ನಾನೇ ಅಡ್ಮಿನ್ ಆದ ಹಾಗೆ ಅಂದುಕೊಂಡು ಬಿಟ್ಟುಬಿಟ್ಟೆ. ಒಬ್ಬ 40 ಕೀ ಮಾಡಿಕೊಂಡು ತನ್ನನ್ನು ತಾನೇ ಹೊಗಳಿಕೊಂಡ. ಹತ್ತು ಹನ್ನೆರಡು ದಿನದಲ್ಲಿ ಎಲ್ಲರಿಗಿಂತ ಮೇಲೆ ಕೂತಿದ್ದ. ಒಂದು 50 ಎಂಎಂ ಲೆನ್ಸಿಗೆ ನಾನೇ 9,000 ಕಳಿಸಿದೆ. ಪಾರ್ಸೆಲ್ ಬರಲೇ ಇಲ್ಲ.

ದಾರಿ ಸಿಕ್ಕಿದ್ದು ಅಡ್ವೊಗಾಟೋ ಅನ್ನುವ, ಮುಕ್ತ ತಂತ್ರಾಂಶ ಬರೆಯುವವರ ಹಳೆಯ ತಾಣದಲ್ಲಿ. 1999ರಲ್ಲಿ ರಾಫ್ ಲೆವಿಯನ್ ಮಾಡಿದ್ದು. ಅದರಲ್ಲಿ ನಂಬಿಕೆ ಕೆರೆಯ ನೀರಿನಂತೆ ಒಬ್ಬರಿಂದ ಇನ್ನೊಬ್ಬರಿಗೆ ಹರಿಯುತ್ತಿತ್ತು, ಒಬ್ಬೊಬ್ಬರ ತೂಬಿಗೂ ಮಿತಿ ಇತ್ತು. ಗದ್ದೆ ಇದ್ದವರಿಗೆ ತಕ್ಷಣ ತಿಳಿಯುತ್ತದೆ: ಕಳ್ಳ ಕೆಳಗೆ 40 ಗದ್ದೆ ಮಾಡಿಕೊಂಡರೂ ತೂಬಿನಲ್ಲಿ ಹರಿಯುವಷ್ಟೇ ನೀರು. ನಾನು ಬದಲಿಸಿದ್ದು ಒಂದೇ: ಕೆರೆ ಎಲ್ಲರಿಗೂ ಬೇರೆ ಬೇರೆ. ನನ್ನ ಲೆಕ್ಕ ನನ್ನಿಂದ ಶುರು, ನಿಮ್ಮದು ನಿಮ್ಮಿಂದ. ನಾನು ನಂಬಿದವರು ಒಂದು ಹೆಜ್ಜೆ, ಅವರು ನಂಬಿದವರು ಎರಡು; ಮೂರು ಹೆಜ್ಜೆ ದಾಟಿದರೆ ಸೊನ್ನೆ. ಹೆಜ್ಜೆಗೆ ಎಷ್ಟು ಇಳಿಸುತ್ತೇನೆ, ಬಳಗ ಕಟ್ಟಿಕೊಂಡವರನ್ನು ಹೇಗೆ ಹಿಡಿಯುತ್ತೇನೆ ಅನ್ನುವುದನ್ನು ಬರೆಯುವುದಿಲ್ಲ. ಕಳ್ಳರೂ ಓದುತ್ತಾರೆ.

ನಡುವೆ ಏನೇನೋ ಮಾಡಿ ನೋಡಿದೆ. ಹೊಸ ಕೀಗೆ ಕಂಪ್ಯೂಟರ್ ಬೆವರು ಸುರಿಸಲಿ ಅಂತ ಪ್ರೂಫ್ ಆಫ್ ವರ್ಕ್, ಅಂದರೆ ಕಷ್ಟದ ಲೆಕ್ಕ ಬಿಡಿಸುವ ಶರತ್ತು, ಇಟ್ಟೆ. ಹಳೆ ಫೋನಿನವರು ಹತ್ತು ನಿಮಿಷ ಕಾದರು, ಒಳ್ಳೆ ಮಷೀನ್ ಇದ್ದವನಿಗೆ ಅದು ಲೆಕ್ಕಕ್ಕೇ ಬರಲಿಲ್ಲ. ಆಮೇಲೆ 200 ರೂಪಾಯಿ ಠೇವಣಿ. ಮೋಸಗಾರ ಅದನ್ನು ಬಂಡವಾಳ ಅಂತ ಹಾಕಿದ, ಕಾಲೇಜು ಹುಡುಗರು ವಾಪಸ್ ಹೋದರು. ಎರಡನ್ನೂ ತೆಗೆದೆ.

ಕೆಲಸ ಮಾಡಿದ್ದು ಜಾಮೀನು. ಹೊಸಬರನ್ನು ಯಾರು ಕರೆತಂದರೋ ಅವರ ತೂಬಿನಿಂದಲೇ ಒಂದು ಪಾಲು ಕಡಿತ. ತಿಂಗಳಿಗೆ 20 ಜನ ಸೇರುತ್ತಿದ್ದ ಕಡೆ ಆರೇಳಕ್ಕೆ ಇಳಿಯಿತು. ನನಗೆ ಅದೇ ಬೇಕಿತ್ತು.

ಬೈಗುಳದ ಅಂಕ ಮಾತ್ರ ತುಂಬಾ ಕಾಡಿತು. ಒಬ್ಬರು ಕೆಟ್ಟದ್ದು ಬರೆದರೆ ಇನ್ನೊಬ್ಬರು ಸೇಡಿಗೆ ಬರೆಯುತ್ತಾರೆ. ಇದೇ ಕಾಟಕ್ಕೆ ಇಬೇ 2008ರಲ್ಲಿ, ಮಾರುವವರು ಕೊಳ್ಳುವವರಿಗೆ ಕೆಟ್ಟ ಅಂಕ ಕೊಡುವುದನ್ನೇ ನಿಲ್ಲಿಸಿತ್ತು. ನಮ್ಮಲ್ಲಿ ಕೆಟ್ಟ ಮಾತು ಹರಿಯುವುದಿಲ್ಲ. ನಾನು ನೇರವಾಗಿ ನಂಬಿದವರು ಕೊರಿಯರ್ ರಸೀದಿ ಸಮೇತ ಬರೆದರೆ ಮಾತ್ರ ನನ್ನ ಲೆಕ್ಕಕ್ಕೆ ಬರುತ್ತದೆ. ಕೀ ಕಳೆದುಕೊಂಡವರು ನಾಲ್ಕೈದು ಮಂದಿ. ಮೂವರು ಹಳಬರು ಮುಖತಃ ನೋಡಿ ಹೊಸ ಕೀಗೆ ಸಹಿ ಹಾಕಿದರೆ ಹಳೆಯ ಹೆಸರು ಅದಕ್ಕೆ ಬರುತ್ತದೆ.

ಈವರೆಗೆ 400ರ ಹತ್ತಿರ ವ್ಯವಹಾರ, ಎರಡು ತಕರಾರು. ಒಂದರಲ್ಲಿ 1,500 ರೂಪಾಯಿಯನ್ನು ಜಾಮೀನು ನಿಂತವರೇ ಕಟ್ಟಿಕೊಟ್ಟರು. ಕಳೆದುಕೊಂಡದ್ದೂ ಸೇರಿ ನನಗೆ ಆದ ಖರ್ಚು ಸುಮಾರು 30 ಸಾವಿರ.

"ಎರಡೂ ರಿಲೇ ನಿನ್ನವೇ, ಇದೇನು ವಿಕೇಂದ್ರೀಕರಣ?" ಅಂತ ಹುಬ್ಬಳ್ಳಿಯ ಗೆಳೆಯರು ಕೇಳಿದ್ದರು. ನ್ಯಾಯವಾದ ಮಾತು. ಅವರೇ ಮೂರನೆಯದನ್ನು ಹಾಕಿದರು. ಕಳೆದ ವಾರ ಯಾರಿಗೂ ಹೇಳದೆ ನನ್ನ ಎರಡನ್ನೂ ಎರಡು ದಿನ ಬಂದ್ ಮಾಡಿದೆ. ಮೂರನೆಯದೊಂದರಲ್ಲೇ ಕೆಲಸ ನಡೆಯಿತು: ಶನಿವಾರ ಮಧ್ಯಾಹ್ನ ಒಂದು 85 ಎಂಎಂ ಲೆನ್ಸ್ 18 ಸಾವಿರಕ್ಕೆ ಕೈ ಬದಲಾಯಿತು. ಕೊಂಡವರು, ಕೊಟ್ಟವರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.