ತೋಡಿನ ನೀರಲ್ಲಿ ಒಂದು ಕಿಲೋವ್ಯಾಟ್: ನನ್ನ ಅನುಭವ

ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದಲ್ಲಿ ನಮ್ಮ ಅಡಿಕೆ ತೋಟ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟು ಬರಲು ದಿನಗಟ್ಟಲೆ ಕಾಯಬೇಕು. ತೋಡು ಮಾತ್ರ ಆಗಲೇ ತುಂಬಿ ಹರಿಯುತ್ತಿರುತ್ತದೆ. ಅದರ ನೀರಲ್ಲಿ ಒಂದು ಪಾಲನ್ನು ಪೈಪಿಗೆ ತಿರುಗಿಸಿ, ಕೆಳಗೆ ಪೆಲ್ಟನ್ ಚಕ್ರ (ಚಿಮ್ಮುವ ನೀರು ಅಂಚಿನ ಬಟ್ಟಲುಗಳಿಗೆ ಬಡಿದು ತಿರುಗುವ ಚಕ್ರ) ಓಡಿಸಿ ಕರೆಂಟು ತೆಗೆದು, ಮತ್ತೆ ಅದೇ ತೋಡಿಗೆ ಬಿಡುತ್ತೇನೆ. ಅಣೆಕಟ್ಟಿಲ್ಲ, ಕೆರೆಯಿಲ್ಲ, ನೀರು ಕೂಡಿಡುವ ಮಾತೇ ಇಲ್ಲ.

ಹಾಗಾಗಿ ಅಳತೆಯೇ ಮುಖ್ಯ. ಅಳೆಯಬೇಕಾದ್ದು ಡಿಸೆಂಬರಿನಲ್ಲಿ, ಜುಲೈಯ ನೀರು ನೋಡಿ ಯಂತ್ರ ತರಬಾರದು. ಸ್ಪ್ರಿಂಕ್ಲರ್ ಪೈಪನ್ನು ಮೇಲಿನಿಂದ ಎಳೆದು ನೀರು ತುಂಬಿಸಿ, ಕೆಳತುದಿ ಮುಚ್ಚಿ ಪ್ರೆಷರ್ ಗೇಜ್ ಹಾಕಿದೆ. ಚದರ ಸೆಂಟಿಮೀಟರಿಗೆ ನಾಲ್ಕು ಕಿಲೋ ಒತ್ತಡ ತೋರಿಸಿತು, ಅಂದರೆ 40 ಮೀಟರ್ ಎತ್ತರ. 200 ಲೀಟರಿನ ನೀಲಿ ಡ್ರಮ್ಮು ತುಂಬಲು 40 ಸೆಕೆಂಡು, ಅಂದರೆ ಸೆಕೆಂಡಿಗೆ 5 ಲೀಟರ್. ಲೆಕ್ಕಕ್ಕೆ ಸುಮಾರು ಎರಡು ಕಿಲೋವ್ಯಾಟ್ ಆಗುತ್ತದೆ. ಪೈಪು, ಚಕ್ರ, ಜನರೇಟರಿನ ನಷ್ಟ ಕಳೆದರೆ ಕೈಗೆ ಸಿಗುವುದು ಅರ್ಧ. ಒಂದು ಕಿಲೋವ್ಯಾಟ್ ಸಣ್ಣದೆನಿಸಬಹುದು. ಹಗಲು ರಾತ್ರಿ ಓಡಿದರೆ ದಿನಕ್ಕೆ 24 ಯೂನಿಟ್!

ಪೈಪಿನಲ್ಲಿ ಜಿಪುಣತನ ಬೇಡ. 150 ಮೀಟರ್ ದೂರಕ್ಕೆ 63 ಎಂ.ಎಂ. ಪೈಪು ಹಾಕಿದರೆ ಬರೀ ಘರ್ಷಣೆಗೇ ಸುಮಾರು 10 ಮೀಟರ್ ಎತ್ತರ ಕಳೆದುಹೋಗುತ್ತದೆ, 110 ಎಂ.ಎಂ. ಪೈಪಿನಲ್ಲಿ ಒಂದು ಮೀಟರೂ ಹೋಗುವುದಿಲ್ಲ.

ಯಂತ್ರ ಕೂರಿಸುವುದು ಸುಲಭದ ಭಾಗ. ನಿಜವಾದ ಕೆಲಸ ಮೇಲೆ, ನೀರು ಒಳಹೋಗುವ ಜಾಗದಲ್ಲಿ. ಕಾಡಿನ ತರಗೆಲೆಯೆಲ್ಲ ಅಲ್ಲಿಗೇ ಬರುತ್ತದೆ. ನೆಟ್ಟಗೆ ನಿಲ್ಲಿಸಿದ ಬಲೆ ಒಂದು ಜೋರು ಮಳೆಗೆ ಕಟ್ಟಿಕೊಳ್ಳುತ್ತದೆ. ಸ್ಟೀಲ್ ಬಲೆಯನ್ನು ಓರೆಯಾಗಿ ಮಲಗಿಸಿ ನೀರು ಅದರ ಮೇಲಿಂದ ಜಾರುವಂತೆ ಮಾಡಿದರೆ, ನೀರು ಸೋಸಿ ಕೆಳಗಿಳಿಯುತ್ತದೆ, ಎಲೆ ಜಾರಿ ತೋಡಿಗೇ ಹೋಗುತ್ತದೆ. ಅದರ ನಂತರ ಮರಳು ತಂಗುವ ಪುಟ್ಟ ತೊಟ್ಟಿ ಬೇಕೇ ಬೇಕು. ಮರಳು ನಾಜಲನ್ನೂ (ಚಕ್ರಕ್ಕೆ ನೀರು ಚಿಮ್ಮಿಸುವ ಕಿರಿದಾದ ಬಾಯಿ) ಚಕ್ರದ ಬಟ್ಟಲುಗಳನ್ನೂ ಸವೆಸುತ್ತದೆ. ಪೈಪಿನ ತಲೆಯಲ್ಲಿ ಗಾಳಿಕೊಳವೆ ಇರಲಿ. ಎಲೆ ಕಟ್ಟಿ ನೀರು ನಿಂತಾಗ ಒಳಗೆ ನಿರ್ವಾತವಾಗಿ ಪೈಪು ಚಪ್ಪಟೆಯಾಗುವುದನ್ನು ಅದೇ ತಡೆಯುವುದು. ಇಷ್ಟೆಲ್ಲ ಇದ್ದರೂ ಜೋರು ಮಳೆಯ ಬೆಳಿಗ್ಗೆ ಉಂಬಳ ಕಚ್ಚಿಸಿಕೊಂಡು ಒಮ್ಮೆ ಮೇಲೆ ಹೋಗಿ ಬರುತ್ತೇನೆ. ಆ ಅಭ್ಯಾಸ ಇಲ್ಲದವರಿಗೆ ಈ ಘಟಕ ಒಗ್ಗುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಕರೆಂಟನ್ನೂ ಕೂಡಿಡುತ್ತಿಲ್ಲ. ಮಿಕ್ಸಿ ಆರಿಸಿದ ಕೂಡಲೇ ಹೊರೆ ಇಳಿದು ಚಕ್ರ ವೇಗ ಹಿಡಿಯುತ್ತದೆ, ವೋಲ್ಟೇಜ್ ಏರುತ್ತದೆ. ಲೋಡ್ ಕಂಟ್ರೋಲರ್ ಉಳಿದ ಕರೆಂಟನ್ನು ಆ ಕ್ಷಣವೇ ಬಚ್ಚಲಿನ ನೀರಿನ ಟ್ಯಾಂಕಿನ ಕಾಯಿಲ್‌ಗೆ ತಿರುಗಿಸುತ್ತದೆ. ಮನೆಯವರೆಲ್ಲ ಮಲಗಿದ ಮೇಲೆ ಆಗುವ ಕರೆಂಟೆಲ್ಲ ಬೆಳಗಿನ ಸ್ನಾನದ ಬಿಸಿನೀರಾಗುತ್ತದೆ. ಸೌದೆ ಎಷ್ಟು ಉಳಿಯಿತೆಂದು ನನ್ನ ಹೆಂಡತಿಯನ್ನು ಕೇಳಬೇಕು!

ಜನವರಿ ದಾಟಿದ ಮೇಲೆ ನೀರು ಸೊರಗುತ್ತದೆ. ಆಗ 15 ಎಂ.ಎಂ. ನಾಜಲ್ ತೆಗೆದು 10 ಎಂ.ಎಂ.ನದು ಹಾಕಬೇಕು. ದೊಡ್ಡದನ್ನೇ ಬಿಟ್ಟರೆ ಪೈಪು ತುಂಬಿ ನಿಲ್ಲದೆ ಒತ್ತಡವೇ ಬೀಳುತ್ತದೆ. ಸಣ್ಣ ನಾಜಲಿಗೆ ಸೆಕೆಂಡಿಗೆ ಎರಡು ಲೀಟರಿಗಿಂತ ತುಸು ಹೆಚ್ಚು ಸಾಕು. ದೀಪ, ಫ್ಯಾನು, ಟಿವಿಗೆ ತೊಂದರೆಯಿಲ್ಲ.

ಕೆಳಗಿನ ತೋಟದ ಅಣ್ಣನಿಗೆ ಮೊದಲು ಅನುಮಾನವಿತ್ತು. "ನೀರು ಕಮ್ಮಿ ಆಗ್ತದಾ?" ಎಂದು ಕೇಳಿದ್ದರು. ಅವರ ಗಡಿಗಿಂತ ಮೇಲೆಯೇ ಅಷ್ಟೂ ನೀರು ತೋಡಿಗೆ ಮರಳುವುದನ್ನು ತೋರಿಸಿದೆ. ನೀರು ತೆಗೆಯುವ ಜಾಗಕ್ಕೂ ಬಿಡುವ ಜಾಗಕ್ಕೂ ನಡುವೆ ಮೀನು, ಏಡಿಗಳಿಗೆ ಬೇಕಾದಷ್ಟು ಹರಿವನ್ನು ಉಳಿಸುತ್ತೇನೆ. ಮಾರ್ಚಿನಲ್ಲಿ ಅಷ್ಟೂ ಉಳಿಯದು ಎನಿಸಿದಾಗ ವಾಲ್ವನ್ನು ನಿಧಾನಕ್ಕೆ ಮುಚ್ಚಿ, ಬೇರಿಂಗಿಗೆ ಗ್ರೀಸ್ ಹಾಕಿ, ಮಳೆ ಹಿಡಿಯುವವರೆಗೆ ಮನೆಯನ್ನು ಸೋಲಾರಿಗೆ ಬದಲಾಯಿಸುತ್ತೇನೆ.