ಬ್ಲೂ-ರೇ ಮತ್ತು ಡಿವಿಡಿ: ವ್ಯತ್ಯಾಸವನ್ನು ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ವಿಜಯಪುರ, ಬಾಗಲಕೋಟೆ ಕಡೆಯ ಅನೇಕ ಮನೆಗಳ ಕಪಾಟಿನಲ್ಲಿ ಡಿವಿಡಿಗಳು ಇನ್ನೂ ಉಳಿದಿವೆ. ಪಡಸಾಲೆಯ ಗೋಡೆಗೆ ಮಾತ್ರ ಫುಲ್ ಎಚ್‌ಡಿ ಟಿವಿ ಬಂದಿದೆ. ಡಿವಿಡಿಯನ್ನು ಟಿವಿಯೇ ಎಚ್‌ಡಿ ಮಾಡಿ ತೋರಿಸುತ್ತದೆ ಎಂದು ಅಂಗಡಿಯವರು ಹೇಳುವುದುಂಟು. ಆ ಮಾತು ಎಷ್ಟರಮಟ್ಟಿಗೆ ನಿಜ, ಎಚ್‌ಡಿ ಸಿನಿಮಾದ ಡಿಸ್ಕ್ ಓಡಿಸುವ ಬ್ಲೂ-ರೇ ಪ್ಲೇಯರಿಗೆ ಹಣ ಹಾಕುವುದು ಸಾರ್ಥಕವೇ ಎಂಬುದನ್ನು ಅಳತೆ ಟೇಪು ಹಿಡಿದೇ ಬಹುಮಟ್ಟಿಗೆ ತೀರ್ಮಾನಿಸಬಹುದು.

ಮೊದಲು ಲೆಕ್ಕ. ಪಾಲ್ ಪದ್ಧತಿಯ (ನಮ್ಮ ದೇಶದ ಹಳೆಯ ಟಿವಿ ಪದ್ಧತಿ) ಡಿವಿಡಿಯ ಒಂದು ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576, ಅಂದರೆ ಒಟ್ಟು 4,14,720 ಬಿಂದುಗಳಿರುತ್ತವೆ. 1920×1080ರ ಬ್ಲೂ-ರೇ ಚಿತ್ರದಲ್ಲಿ ಅದರ ಸರಿಯಾಗಿ ಐದು ಪಟ್ಟು, 20,73,600. ಡಿವಿಡಿಯನ್ನು ಅಷ್ಟೇ ಬಿಂದುಗಳಿರುವ ಫುಲ್ ಎಚ್‌ಡಿ ಪರದೆಗೆ ಹಿಗ್ಗಿಸುವಾಗ ಪ್ರತಿ ಐದು ಬಿಂದುಗಳಲ್ಲಿ ನಾಲ್ಕನ್ನು ಯಂತ್ರವು ಅಕ್ಕಪಕ್ಕದ ಬಿಂದುಗಳನ್ನು ನೋಡಿ ಅಂದಾಜಿನಿಂದ ತುಂಬುತ್ತದೆ. ಅಂದಾಜು ಚೆನ್ನಾಗಿದ್ದರೆ ಅಂಚುಗಳು ನುಣುಪಾಗುತ್ತವೆ. ಆದರೆ ಡಿಸ್ಕಿನಲ್ಲಿ ಇಲ್ಲದ ವಿವರ ಎಲ್ಲಿಂದಲೂ ಬರುವುದಿಲ್ಲ.

ಇನ್ನು ಟೇಪು ತೆಗೆದುಕೊಂಡು ಪರದೆಯ ಎತ್ತರವನ್ನೂ ನೀವು ನಿತ್ಯ ಕೂರುವ ಜಾಗಕ್ಕಿರುವ ದೂರವನ್ನೂ ಅಳೆಯಿರಿ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ 60ನೇ ಒಂದು ಪಾಲಿನಷ್ಟು ಸೂಕ್ಷ್ಮವಾದ ವಿವರವನ್ನು ಬೇರ್ಪಡಿಸಿ ಕಾಣಬಲ್ಲದು ಎಂಬ ಲೆಕ್ಕದಲ್ಲಿ, ಪರದೆಯ ಎತ್ತರದ ಮೂರು ಪಟ್ಟಿನಷ್ಟು ದೂರದಲ್ಲಿ ಕುಳಿತವರಿಗೆ ಬ್ಲೂ-ರೇಯ ಪೂರ್ಣ ಲಾಭ ಸಿಗುತ್ತದೆ. ಆರು ಪಟ್ಟು ದಾಟಿದವರಿಗೆ ಡಿವಿಡಿಯ 576 ಗೆರೆಗಳೇ ಸಾಕಾಗುತ್ತವೆ. 32 ಇಂಚಿನ ಟಿವಿಗೆ ಈ ಎರಡು ಗಡಿಗಳು ಸುಮಾರು 4 ಮತ್ತು 8 ಅಡಿ, 43 ಇಂಚಿಗೆ ಐದೂವರೆ ಮತ್ತು ಹತ್ತೂವರೆ ಅಡಿ, 55 ಇಂಚಿಗೆ 7 ಮತ್ತು ಹದಿಮೂರೂವರೆ ಅಡಿ. ಆದ್ದರಿಂದ ಉದ್ದನೆಯ ಪಡಸಾಲೆಯ ಆ ತುದಿಯ ಗೋಡೆಗೆ ಒರಗಿ 32 ಇಂಚಿನ ಟಿವಿ ನೋಡುವವರು ಹೊಸ ಪ್ಲೇಯರಿಗೆ ಖರ್ಚು ಮಾಡಬಾರದು ಎಂಬುದೇ ನನ್ನ ಸಲಹೆ.

ನಿಮ್ಮ ಅಳತೆ ಈ ಗಡಿಗಳೊಳಗೆ ಬಂದರೆ ಮುಂದಿನದು ಕೇಬಲ್ಲು. ಹಳದಿ, ಕೆಂಪು, ಬಿಳಿ ಪಿನ್ನಿನ ಹಳೆಯ ಎವಿ ಕೇಬಲ್ ಎಚ್‌ಡಿ ಚಿತ್ರವನ್ನು ಸಾಗಿಸುವುದೇ ಇಲ್ಲ. ಅದರ ಮೂಲಕ ಬ್ಲೂ-ರೇ ಕೂಡ ಡಿವಿಡಿಯಂತೆಯೇ ಕಾಣುತ್ತದೆ. ಎಚ್‌ಡಿಎಂಐ ಕೇಬಲ್ಲನ್ನೇ ಹಾಕಿರಿ. ಟಿವಿಯ ಸೆಟ್ಟಿಂಗಿನಲ್ಲಿ ಶಾರ್ಪ್‌ನೆಸ್ಸನ್ನು, ಅಕ್ಷರಗಳ ಸುತ್ತ ಕಾಣುವ ಬಿಳಿ ಗೆರೆ ಮಾಯವಾಗುವವರೆಗೆ ತಗ್ಗಿಸಿರಿ. ಡಿವಿಡಿಯನ್ನು ಹಿಗ್ಗಿಸುವ ಕೆಲಸವನ್ನು ಪ್ಲೇಯರ್ ಚೆನ್ನಾಗಿ ಮಾಡುತ್ತದೆಯೋ ಟಿವಿಯೋ ಎಂದು ತಿಳಿಯಲು ಪ್ಲೇಯರಿನ ಔಟ್‌ಪುಟ್ಟನ್ನು ಒಮ್ಮೆ 576ಪಿ (ಆಗ ಹಿಗ್ಗಿಸುವುದು ಟಿವಿ), ಇನ್ನೊಮ್ಮೆ 1080ಪಿ (ಆಗ ಪ್ಲೇಯರ್) ಮಾಡಿ ನೋಡಿ, ಮೇಲಾದುದನ್ನು ಉಳಿಸಿಕೊಳ್ಳಿರಿ.

ಈಗ ಒಂದೇ ಸಿನಿಮಾದ ಎರಡೂ ಡಿಸ್ಕ್‌ಗಳನ್ನು ಹೋಲಿಸಬೇಕು. ಬ್ಲೂ-ರೇ ಪ್ಲೇಯರಿನಲ್ಲಿ ಡಿವಿಡಿಯೂ ಓಡುವುದರಿಂದ, ಅದನ್ನು ಹೊಂದಿರುವ ಪರಿಚಯದವರ ಮನೆಗೆ ನಿಮ್ಮ ಡಿಸ್ಕನ್ನು ಒಯ್ದರಾಯಿತು. ಇಲ್ಲೊಂದು ಎಚ್ಚರಿಕೆ ಬೇಕು: ಸೆಕೆಂಡಿಗೆ 24 ಚಿತ್ರಗಳ ಸಿನಿಮಾವನ್ನು ಪಾಲ್ ಡಿವಿಡಿಯು 25ರ ವೇಗದಲ್ಲಿ ಓಡಿಸುವುದರಿಂದ, ಬ್ಲೂ-ರೇಯಲ್ಲಿ ಒಂದು ಗಂಟೆಗೆ ಬರುವ ದೃಶ್ಯವು ಡಿವಿಡಿಯಲ್ಲಿ 57 ನಿಮಿಷ 36 ಸೆಕೆಂಡಿಗೇ ಬಂದಿರುತ್ತದೆ. ಗಡಿಯಾರ ನೋಡಿ ಹುಡುಕಿದರೆ ತಪ್ಪಿದ ದೃಶ್ಯವೇ ಸಿಗುತ್ತದೆ. ಮಾತನ್ನೋ ಹಾಡಿನ ಸಾಲನ್ನೋ ಗುರುತಿಟ್ಟುಕೊಂಡು ನಿಲ್ಲಿಸಿರಿ.

ಮುಖದ ಸಮೀಪ ದೃಶ್ಯಗಳಲ್ಲಿ ಡಿವಿಡಿ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಸೋಲುವುದು ದೂರದ ಜನಜಂಗುಳಿಯಲ್ಲಿ, ಮರದ ಎಲೆಗಳಲ್ಲಿ, ಕೊನೆಗೆ ಓಡುವ ಹೆಸರುಗಳ ಪಟ್ಟಿಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ನೇಯ್ಗೆಯಲ್ಲಿ. ಇಳಕಲ್ ಸೀರೆಯ ಒತ್ತೊತ್ತಾದ ಸಣ್ಣ ಚೌಕಳಿ ತೆರೆಯ ಮೇಲೆ ಬಂದಾಗ ನೋಡಿರಿ: ಬ್ಲೂ-ರೇಯಲ್ಲಿ ಗೆರೆ ಗೆರೆಯಾಗಿ ನಿಲ್ಲುತ್ತದೆ, ಡಿವಿಡಿಯಲ್ಲಿ ಚೌಕಳಿ ಕಲಸಿಹೋಗಿ ಒಂದೇ ಬಣ್ಣದ ಬಟ್ಟೆಯಾಗುತ್ತದೆ, ಇಲ್ಲವೇ ನಡೆದಾಡಿದಂತೆಲ್ಲ ಮಿಣಮಿಣ ಅಲುಗುತ್ತದೆ. ಕಪ್ಪಿನ ಆಳ, ಬಣ್ಣದ ಗಾಢತೆಗಳಲ್ಲಿ ಮಾತ್ರ ಅಂತಹ ದೊಡ್ಡ ಅಂತರವಿಲ್ಲ. ಅವು ಟಿವಿಯನ್ನೇ ಹೆಚ್ಚಾಗಿ ಅವಲಂಬಿಸಿವೆ.

ಯಾವ ಡಿಸ್ಕ್ ಓಡುತ್ತಿದೆ ಎಂದು ನೋಡುವವರಿಗೆ ಹೇಳದೆ, ಮನೆಯ ಮತ್ತೊಬ್ಬರಿಂದ ಹಾಕಿಸುವುದು ಒಳ್ಳೆಯದು. ಬೆಲೆ ಗೊತ್ತಿದ್ದರೆ ಕಣ್ಣು ಪಕ್ಷಪಾತ ಮಾಡುತ್ತದೆ.

ಎಲ್ಲ ಡಿವಿಡಿಗಳೂ ಒಂದೇ ದರ್ಜೆಯವಲ್ಲ. 8.5 ಜಿಬಿಯ ಡಿಸ್ಕಿನಲ್ಲಿ ಒಂದೇ ಸಿನಿಮಾ ಇದ್ದರೆ ಚಿತ್ರಕ್ಕೆ ಉಸಿರಾಡಲು ಜಾಗವಿರುತ್ತದೆ. ಅಷ್ಟರಲ್ಲೇ ಮೂರು ಸಿನಿಮಾ ತುರುಕಿದ್ದರೆ ಅವಸರದ ದೃಶ್ಯಗಳಲ್ಲಿ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಬ್ಲೂ-ರೇಯಲ್ಲಿ 25 ಅಥವಾ 50 ಜಿಬಿ ಸಿಗುತ್ತದೆ. ಮೂರು ಸಿನಿಮಾದ ಡಿಸ್ಕನ್ನು ಮುಂದಿಟ್ಟುಕೊಂಡು ಹೋಲಿಸಿದವರು ಬ್ಲೂ-ರೇಯನ್ನು ಅತಿಯಾಗಿ ಹೊಗಳುವುದರಲ್ಲಿ ಆಶ್ಚರ್ಯವಿಲ್ಲ.

ಮನೆಯವರ ಮದುವೆಯ ಡಿವಿಡಿಯನ್ನು ಬ್ಲೂ-ರೇ ಮಾಡಿಸಲು ಹೊರಡುವವರಿಗೂ ಒಂದು ಮಾತು: ಡಿವಿಡಿಯಿಂದಲೇ ನಕಲು ಮಾಡಿಸಿದರೆ ಏನೂ ಹೆಚ್ಚುವುದಿಲ್ಲ. ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ ಚಿತ್ರೀಕರಿಸಿದ್ದರೆ ಮೂಲದಲ್ಲೂ 576 ಗೆರೆಗಳೇ ಇರುತ್ತವೆ, ಆದರೂ ಅದರಲ್ಲಿ ಚಿತ್ರವನ್ನು ಡಿವಿಡಿಯಷ್ಟು ಹಿಂಡಿರುವುದಿಲ್ಲ. ಎಚ್‌ಡಿ ಕ್ಯಾಮೆರಾದಲ್ಲಿ ತೆಗೆದು ಡಿವಿಡಿಗೆ ಇಳಿಸಿಕೊಟ್ಟಿದ್ದರೆ ಮಾತ್ರ, ವಿಡಿಯೊ ತೆಗೆದ ಸ್ಟುಡಿಯೊದವರ ಬಳಿ ಮೂಲ ಫೈಲು ಉಳಿದಿದೆಯೇ ಎಂದು ವಿಚಾರಿಸಿ, ಅದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ನೇರವಾಗಿ ಟಿವಿಗೆ ಚುಚ್ಚಿ ನೋಡಬಹುದು. ಅದಕ್ಕೆ ಬ್ಲೂ-ರೇ ಪ್ಲೇಯರೂ ಬೇಕಿಲ್ಲ.