ಹುಂಜದ ಎರಡು ಕೂಗು

ಶಿರಸಿ ತಾಲೂಕಿನ ಬನವಾಸಿ ಕಡೆಯ ನಮ್ಮೂರಲ್ಲಿ ಮನೆಯ ಹಿಂದೆಯೇ ಬೆಟ್ಟ. ನಾಟಿಕೋಳಿ ಸಾಕಿದ ಮೊದಲ ವರ್ಷ ಹನ್ನೊಂದು ಮರಿಗಳಲ್ಲಿ ಎರಡೇ ಉಳಿದವು. ಹುಂಜ ಕೂಗಿದಾಗಲೆಲ್ಲ ಕೋಲು ಹಿಡಿದು ಪೊದೆಯ ಕಡೆ ಓಡುತ್ತಿದ್ದೆ. ಒಂದು ದಿನ ಅತ್ತೆ ಜಗಲಿಯಿಂದಲೇ ಗದರಿದರು: "ಕೆಳಗೇನು ಹುಡುಕ್ತೀಯೇ, ಮೇಲೆ ನೋಡು!" ತೆಂಗಿನ ಗರಿಯ ಮೇಲೆ ಗಿಡುಗ ಕೂತಿತ್ತು.

ಆಮೇಲೆ ಕಿವಿಗೊಟ್ಟು ಕೇಳತೊಡಗಿದೆ. ಮುಂಗುಸಿಯೋ ನಾಯಿಯೋ ಕಂಡರೆ ಹುಂಜ ಕತ್ತು ನೀಳ ಮಾಡಿ "ಕೊಕ್ ಕೊಕ್ ಕೊಕ್ಕಾ" ಎಂದು ಬಿಡದೆ ಕಿರುಚುತ್ತದೆ. ಹೇಂಟೆಗಳೂ ತಲೆಯೆತ್ತಿ ದನಿಗೂಡಿಸುತ್ತವೆ. ಗಿಡುಗ ಬಂದರೆ ಬೇರೆಯೇ, ಎಳೆದ ಸಣ್ಣ ಕೀರಲು ದನಿ. ಅದು ಎಲ್ಲಿಂದ ಬಂತೆಂದು ನಮಗೂ ಗೊತ್ತಾಗದು, ಗಿಡುಗಕ್ಕೂ ಕಷ್ಟ. ಮರಿಗಳು ಹತ್ತಿರದ ಮರೆಗೆ ನುಗ್ಗುತ್ತವೆ; ಮರೆಯಿಲ್ಲದಿದ್ದರೆ ನೆಲಕ್ಕಂಟಿ ಕಲ್ಲಾಗುತ್ತವೆ. ತಾಯಿಕೋಳಿ ತಲೆ ಓರೆ ಮಾಡಿ ಒಂದೇ ಕಣ್ಣಲ್ಲಿ ಆಕಾಶ ನೋಡುತ್ತದೆ. ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಕಾಳು ಹೆಕ್ಕುವಾಗಲೂ ಸುತ್ತಲಿನದೆಲ್ಲ ಅದರ ಗಮನದಲ್ಲಿರುತ್ತದೆ.

ನನ್ನ ತಪ್ಪು ಆಗ ತಿಳಿಯಿತು. ಚೊಕ್ಕವಾಗಿರಲೆಂದು ಅಂಗಳದ ಗಿಡಗಂಟಿಯನ್ನೆಲ್ಲ ಸವರಿಬಿಟ್ಟಿದ್ದೆ. ಮರಿಗಳಿಗೆ ಓಡಿಹೋಗಲು ಜಾಗವೇ ಇರಲಿಲ್ಲ. ಪೊದೆ ಬೆಳೆಸಿದರೋ, ಮುಂಗುಸಿ ಅದರಲ್ಲೇ ಹೊಂಚುತ್ತದೆ. ಕೊನೆಗೆ ಅಡಿಕೆ ದಬ್ಬೆಯ ಮೇಲೆ ಸೋಗೆ ಹೊದೆಸಿ, ಮೊಣಕಾಲೆತ್ತರದ ಪುಟ್ಟ ಚಪ್ಪರಗಳನ್ನು ಎಂಟು ಹತ್ತು ಹೆಜ್ಜೆಗೊಂದರಂತೆ ನಿಲ್ಲಿಸಿದೆ. ಮೇಲೆ ಮುಚ್ಚಿದ್ದು, ನಾಲ್ಕೂ ಬದಿ ತೆರೆದದ್ದು: ಗಿಡುಗಕ್ಕೆ ಮರಿ ಕಾಣದು, ಮರಿಗೆ ಮುಂಗುಸಿ ಕಾಣುತ್ತದೆ. ಗೂಡಿನ ಸುತ್ತ ಮಾತ್ರ ಹುಲ್ಲನ್ನೂ ಬಿಟ್ಟಿಲ್ಲ. ಮರುವರ್ಷ ಒಂಬತ್ತರಲ್ಲಿ ಏಳು ಮರಿ ದಕ್ಕಿದವು.

ಹುಂಜ ದಂಡಕ್ಕೆ ತಿನ್ನುತ್ತದೆಂದು ಮಾರುವವರಿದ್ದಾರೆ. ನಾನು ಮಾರುವುದಿಲ್ಲ. ಹೇಂಟೆಗಳು ಜೊತೆಗಿದ್ದಾಗ ಅದು ಹೆಚ್ಚು ಎಚ್ಚರಿಸುತ್ತದೆ; ಒಂಟಿಯಾಗಿದ್ದರೆ ಎಷ್ಟೋ ಸಲ ಸದ್ದಿಲ್ಲದೆ ತಾನಷ್ಟೇ ಅಡಗುತ್ತದೆ. ತೋಟದ ಕಾಜಾಣವೂ ನಮ್ಮ ಕಾವಲಿಗಿದೆ ಎನ್ನಬೇಕು. ಗಿಡುಗವನ್ನು ಅದು ಕುಕ್ಕಿ ಅಟ್ಟುವ ಗದ್ದಲ ಕೇಳಿದೊಡನೆ ನಾನು ಅಂಗಳಕ್ಕಿಳಿಯುತ್ತೇನೆ.

ಇದೆಲ್ಲ ಹಗಲಿನ ಮಾತು. ಕತ್ತಲಲ್ಲಿ ಕೋಳಿಗೆ ಕಣ್ಣು ಮಬ್ಬು; ಕಾಡುಬೆಕ್ಕು ಹತ್ತಿರ ಬಂದರೂ ಕೂತಲ್ಲೇ ಇರುತ್ತದೆ. ಹಾಗಾಗಿ ದೀಪ ಹಚ್ಚುವ ಮೊದಲೇ ಒಂದೊಂದನ್ನೂ ಎಣಿಸಿ, ಗೂಡಿನ ಬಾಗಿಲಿಗೆ ಅಗಳಿ ಹಾಕುತ್ತೇನೆ. ಕಿಟಕಿಗೆ ಬಡಿದ ತಂತಿಬಲೆಯಲ್ಲಿ ನನ್ನ ಕಿರುಬೆರಳೂ ತೂರುವುದಿಲ್ಲ.